ಬ್ರೆಕ್ಟ್ ರಂಗಭೂಮಿ: ನಟನೇ ಸಾಕ್ಷಿ

ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ ಅವರ ‘ಮದರ್ ಕರೇಜ್’ ನಾಟಕದ ನಾಯಕಿ ಯುದ್ಧಭೂಮಿಯಲ್ಲಿ ಗಾಡಿ ಎಳೆದು ವ್ಯಾಪಾರ ಮಾಡುವವಳು. ಸೆರೆಸಿಕ್ಕ ಮಗನನ್ನು ಬಿಡಿಸಲು ಲಂಚದ ಹಣಕ್ಕೆ ಚೌಕಾಸಿ ಮಾಡುತ್ತಾಳೆ. ಅಷ್ಟರಲ್ಲಿ ಮಗ ಗುಂಡಿಗೆ ಬಲಿಯಾಗುತ್ತಾನೆ.

1941ರಲ್ಲಿ ಜೂರಿಕ್‌ನಲ್ಲಿ ನಾಟಕ ಮೊದಲು ರಂಗವೇರಿದಾಗ ವಿಮರ್ಶಕರು ಕಂಡದ್ದು ನೊಂದ ತಾಯಿಯನ್ನು. ಅವಳ ವ್ಯಾಪಾರಬುದ್ಧಿಯನ್ನೂ ಜನ ಕಾಣಬೇಕೆಂಬುದು ಬ್ರೆಕ್ಟ್ ಅವರ ಹಟ. 1949ರ ಬರ್ಲಿನ್ ಪ್ರಯೋಗಕ್ಕಾಗಿ ಅವರು ಕೆಲವು ದೃಶ್ಯಗಳನ್ನೇ ತಿದ್ದಿದರು. ಹೆಲೆನ ವೈಗಲ್ ನಾಯಕಿಯಾದರು.

ನಟರು ಪಾತ್ರದಲ್ಲಿ ಕರಗಿಹೋಗದೆ, ರಸ್ತೆ ಅಪಘಾತ ಕಂಡ ಸಾಕ್ಷಿ ನಡೆದದ್ದನ್ನು ಅಭಿನಯಿಸಿ ವಿವರಿಸುವಂತೆ ಪಾತ್ರವನ್ನು ತೋರಿಸಬೇಕು ಎಂಬುದು ಬ್ರೆಕ್ಟ್ ಅವರ ವಾದ. ತಾಲೀಮಿನಲ್ಲಿ ‘ನಾನು’ ಎನ್ನುವ ಬದಲು ‘ಅವಳು ಹೀಗೆಂದಳು’ ಎಂದು ಮಾತು ಒಪ್ಪಿಸುವುದು ಇದಕ್ಕೊಂದು ಅಭ್ಯಾಸ. ಆಗ ಪ್ರೇಕ್ಷಕರು ಮರುಗಿ ಸುಮ್ಮನಾಗುವುದಿಲ್ಲ. ಅವಳು ಬೇರೆ ದಾರಿ ಹಿಡಿಯಬಹುದಿತ್ತಲ್ಲವೇ ಎಂದು ಕೇಳುತ್ತಾರೆ.