ಒಲ್ಲದ ವಾಚು, ಕೊಳ್ಳುವ ಕೈ: ಎಚ್‌ಎಂಟಿ ಕಾಂಚನ್ ಮತ್ತು ಸಂಗ್ರಾಹಕರ ಅಭಿರುಚಿ

ಹಳೆಯ ಎಚ್‌ಎಂಟಿ ವಾಚುಗಳನ್ನು ಕೂಡಿಡುವವರಲ್ಲಿ ಹಲವರು ಮೆಚ್ಚಿ ಮಾತಾಡುವುದು ಜನತಾ ಮತ್ತು ಪೈಲಟ್ ಬಗ್ಗೆ. ಜನತಾದ ಡಯಲ್ ಸರಳ, ಕಪ್ಪು ಡಯಲಿನ ಪೈಲಟ್ ಓದಲು ಸ್ಪಷ್ಟ. ಎರಡೂ ದಿನಕ್ಕೊಮ್ಮೆ ಕೀ ಕೊಡುವ ವಾಚುಗಳು. ಅದೇ ಮಂದಿ ಕಾಂಚನ್ ಎಂದರೆ ಮೂಗು ಮುರಿಯುತ್ತಾರೆ. ಚಿನ್ನದ ಬಣ್ಣದ ಕೇಸು, ವಾರ ಮತ್ತು ತಾರೀಖು ತೋರುವ ಕಿಂಡಿ, ಕಣ್ಣಿಗೆ ಹೊಡೆಯುವ ಹೊಳಪು. ಹೀಗೆಂದವರ ಪೆಟ್ಟಿಗೆಯಲ್ಲೂ ಒಂದು ಕಾಂಚನ್ ಇರುವುದುಂಟು. ಬೇಡವೆಂದ ಬಾಯಿಗೂ ಕೊಂಡ ಕೈಗೂ ನಡುವಿನ ಈ ಅಂತರವನ್ನು ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ನಿಂತು ನೋಡಿದರೆ ಅದರ ಕಾರಣಗಳು ಹೆಚ್ಚು ಸ್ಪಷ್ಟವಾಗುತ್ತವೆ.

ಈ ಸೀಮೆಗೆ ವಾಚು ಪರದೇಶದ ಸರಕಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಮಷಿನ್ ಟೂಲ್ಸ್ (ಎಚ್‌ಎಂಟಿ), 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚು ತಯಾರಿಕೆಗೆ ಇಳಿಯಿತು. 1978ರಲ್ಲಿ ತುಮಕೂರಿನಲ್ಲೂ ಅದರ ಕಾರ್ಖಾನೆ ಶುರುವಾಯಿತು. ಕೊಬ್ಬರಿ ಮಾರುವ ಜಿಲ್ಲೆಯೇ ವಾಚು ಮಾಡುವ ಜಿಲ್ಲೆಯೂ ಆಯಿತು.

ಇಲ್ಲಿನ ಉಂಡೆ ಕೊಬ್ಬರಿಗೆ ಅವಸರವಿಲ್ಲ. ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು, ಒಳಗಿನ ತಿರುಳು ತಾನಾಗಿ ಕರಟ ಬಿಟ್ಟ ಮೇಲೆ ತಿಪಟೂರಿನ ಮಾರುಕಟ್ಟೆಗೆ ಬರುತ್ತದೆ. ತೋಟದ ಮನೆಗಳಲ್ಲಿ ಸಾಲ ತೀರಿಸುವ, ಮದುವೆ ಮಾಡುವ ಮಾತುಗಳು ಕೊಬ್ಬರಿ ರೇಟಿನ ಜೊತೆಗೇ ನಡೆಯುತ್ತವೆ. ಕಾಂಚನ್ ಮಾರಾಟದಲ್ಲಿದ್ದ ಕಾಲದ ಮದುವೆ ಮಾತುಕತೆಯಲ್ಲಿ ವರನಿಗೆ ಕೊಡುವ ಉಂಗುರ, ಸೂಟಿನ ಜೊತೆ ವಾಚೂ ಸೇರಿತ್ತು. ಕೀ ಕೊಡುವ ಗೊಡವೆಯಿಲ್ಲದ, ಚಿನ್ನದಂತೆ ಹೊಳೆಯುವ ಕಾಂಚನ್ ಅಳಿಯನ ವಾಚೆಂದೇ ಹೆಸರಾಯಿತು. ಬೇಡಿಕೆಯಷ್ಟು ಸರಕು ಬರದೆ ಕಾಳಸಂತೆಯಲ್ಲಿ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು ಎಚ್‌ಎಂಟಿ ವಾಚಿಗೆ ಕೈಹಾಕಿದ ಅದೇ 1961ರಲ್ಲಿ. ಆದರೂ ಹೆಣ್ಣು ಹೆತ್ತವರ ಮೇಲಿನ ಹೊರೆ ಇಳಿಯಲಿಲ್ಲ. ಹಾಗಾಗಿ ಇಂದಿನ ಸಂಗ್ರಾಹಕನ ಅಸಮ್ಮತಿಯನ್ನು ಬರೀ ವಿನ್ಯಾಸದ ವಿಮರ್ಶೆಯೆಂದು ಓದುವುದು ಸಾಲದು. ಆ ಹೊಳಪಿನಲ್ಲಿ ಅಪ್ಪನ ಮದುವೆಯ ಸಂಭ್ರಮವೂ ಇದೆ, ಅದಕ್ಕಾಗಿ ತಾತ ಮಾಡಿದ ಸಾಲವೂ ಇರಬಹುದು.

ಹೇಳಿದ್ದೊಂದು, ಮಾಡಿದ್ದೊಂದು ಎಂಬುದನ್ನು ಸಮಾಜವಿಜ್ಞಾನ ಮೊದಲೇ ಗಮನಿಸಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯೇರ್ ಚೀನೀ ದಂಪತಿಯ ಜೊತೆ ಅಮೆರಿಕ ಸುತ್ತಿ 1934ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 251 ಹೋಟೆಲು, ವಸತಿಗೃಹಗಳಲ್ಲಿ ಅವರಿಗೆ ಜಾಗ ನಿರಾಕರಿಸಿದ್ದು ಒಂದೇ ಒಂದು. ಆಮೇಲೆ ಪತ್ರ ಬರೆದು ಕೇಳಿದಾಗ ಉತ್ತರಿಸಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಚೀನೀಯರನ್ನು ಸೇರಿಸುವುದಿಲ್ಲವೆಂದರು. ಪತ್ರಕ್ಕೆ ಉತ್ತರಿಸಿದ ಸಂದರ್ಭ ಬೇರೆ, ಗಿರಾಕಿ ಎದುರು ನಿಂತ ಸಂದರ್ಭ ಬೇರೆ. ಸಂಗ್ರಾಹಕನದೂ ಇದೇ ಸ್ಥಿತಿ. ಅಭಿರುಚಿ ಬಹುಪಾಲು ಇತರರ ಅಭಿರುಚಿಯನ್ನು ನಿರಾಕರಿಸುತ್ತಲೇ ರೂಪುಗೊಳ್ಳುತ್ತದೆಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೂ 1979ರಲ್ಲಿ ವಾದಿಸಿದ. ಕಾಂಚನ್ ತನಗೆ ಹಿಡಿಸದೆಂದು ಸ್ನೇಹಿತರ ನಡುವೆ ಹೇಳುವವನು ತಾನು ಯಾವ ಗುಂಪಿನವನೆಂದು ತಿಳಿಸುತ್ತಿರುತ್ತಾನೆ. ಅಂಗಡಿಯವನು ಅದೇ ವಾಚನ್ನು ಅಂಗೈ ಮೇಲಿಟ್ಟಾಗ ಅಂಥ ಗುರುತಿನ ಅಗತ್ಯವೇ ಬೀಳುವುದಿಲ್ಲ. ಅಲ್ಲಿ ಎದ್ದು ನಿಲ್ಲುವುದು ಮನೆಯ ನೆನಪು. ವಸ್ತುಗಳು ನಮ್ಮ ವ್ಯಕ್ತಿತ್ವದ ವಿಸ್ತರಣೆ ಎಂದು ಗ್ರಾಹಕ ವರ್ತನೆಯ ಸಂಶೋಧಕ ರಸೆಲ್ ಬೆಲ್ಕ್ 1988ರಲ್ಲಿ ಬರೆದದ್ದು ಇಲ್ಲಿ ಇನ್ನಷ್ಟು ಹಿಗ್ಗುತ್ತದೆ: ಈ ವಾಚು ಕೊಂಡವನದಷ್ಟೇ ಅಲ್ಲ, ಅವನ ಅಪ್ಪನ ವ್ಯಕ್ತಿತ್ವದ ತುಣುಕೂ ಹೌದು.

ಒಲ್ಲದ್ದನ್ನು ಕೊಳ್ಳಲು ಇನ್ನೆರಡು ಕಾರಣಗಳಿವೆ. ಸಂಗ್ರಹ ಬೆಳೆದಂತೆ ಸಾಲಿನಲ್ಲಿ ಖಾಲಿಯಿರುವ ಜಾಗವೇ ಕಾಡತೊಡಗುತ್ತದೆ. ಫ್ರೆಂಚ್ ಚಿಂತಕ ಜಾಂ ಬೋದ್ರಿಯಾ 1968ರಲ್ಲೇ ಇದರತ್ತ ಬೊಟ್ಟುಮಾಡಿದ್ದ. ಎರಡನೆಯದು ತೀರಾ ವ್ಯಾವಹಾರಿಕ. ಹಳೆಯ ಡಯಲಿಗೆ ಗಾಢ ಬಣ್ಣ ಬಳಿದು ಮಾರುವ ವಾಚುಗಳನ್ನು ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದು ಹಳಿಯುತ್ತಾರೆ. ಆದರೂ ಕೊಳ್ಳುವವರಿದ್ದಾರೆ, ಏಕೆಂದರೆ ಆ ಬಣ್ಣದ ಹಿಂದೆ ಅಸಲಿ ಎಚ್‌ಎಂಟಿ ಯಂತ್ರ ಇರಬಹುದು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿದ ಮೇಲೆ ಅನೇಕ ಬಿಡಿಭಾಗಗಳಿಗೆ ಹಳೆಯ ವಾಚುಗಳೇ ಗತಿ. ಒಲ್ಲದ ಡಯಲನ್ನು ಬಿಚ್ಚಿಟ್ಟು, ಒಳಗಿನ ಚಕ್ರ, ಸ್ಪ್ರಿಂಗುಗಳಿಂದ ಇನ್ನೊಂದು ವಾಚನ್ನು ಬದುಕಿಸಬಹುದು. ಇಲ್ಲಿ ಅಸಮ್ಮತಿ ಡಯಲಿನ ಮೇಲೆ, ಖರೀದಿ ಯಂತ್ರಕ್ಕಾಗಿ. ಇದನ್ನು ಆತ್ಮವಂಚನೆ ಎನ್ನುವುದು ತಪ್ಪಾಗುತ್ತದೆ.

ಕಾಂಚನ್ ಕೊಂಡವನೂ ಸುಳ್ಳು ಹೇಳುತ್ತಿಲ್ಲ ಎಂಬುದೇ ಈ ಲೇಖನದ ವಾದ. ಅವನ ಅಸಮ್ಮತಿ ನಿಜ, ಖರೀದಿಯೂ ನಿಜ. ಚೆಂದವೋ ಅಲ್ಲವೋ ಎಂಬುದು ಕಣ್ಣಿನ ಪ್ರಶ್ನೆ. ಇದು ಬೇರೆಯವರ ಪಾಲಾಗಲು ಬಿಡಲೇ ಎಂಬುದು ಸಂಬಂಧದ ಪ್ರಶ್ನೆ. ಈ ವಾದವನ್ನು ಪರೀಕ್ಷಿಸುವ ದಾರಿಯೂ ಇದೆ. ಕೊಂಡ ವಾಚನ್ನು ಕಟ್ಟುತ್ತಾರೋ, ಪೆಟ್ಟಿಗೆಯಲ್ಲೇ ಇಡುತ್ತಾರೋ ಕೇಳಬೇಕು. ಪೈಲಟ್ ಕೈಮೇಲೂ ಕಾಂಚನ್ ಬೀರುವಿನಲ್ಲೂ ಇದ್ದರೆ ವಾದಕ್ಕೆ ಬಲ ಬರುತ್ತದೆ. ಕಾಂಚನ್ನೇ ನಿತ್ಯ ಕೈಮೇಲಿದ್ದರೆ ಮೊದಲಿನ ಅಸಮ್ಮತಿಯನ್ನೇ ಅನುಮಾನಿಸಬೇಕಾಗುತ್ತದೆ.

ವಾಚಿಗೂ ಮನೆಗೂ ಇರುವ ಸಂಬಂಧದ ದಾಖಲೆ ಈ ಮೂರು ತಾಲ್ಲೂಕುಗಳ ಮನೆಗಳಲ್ಲೇ ಇದೆ: ಮದುವೆ ಆಲ್ಬಮ್ಮಿನಲ್ಲಿ ವರನ ಎಡಗೈ, ಟ್ರಂಕಿನಲ್ಲಿ ಉಳಿದಿರಬಹುದಾದ ಗ್ಯಾರಂಟಿ ಕಾರ್ಡು, ಖರ್ಚು ಬರೆದಿಟ್ಟ ಲೆಕ್ಕದ ಪುಸ್ತಕ. ತುಮಕೂರು ಕಾರ್ಖಾನೆಯ ಜಾಗ ಈಗ ಇಸ್ರೊ ಕೈಸೇರಿದೆ. ಅಲ್ಲಿ ವಾಚು ಜೋಡಿಸಿದ ಕಾರ್ಮಿಕರಿಗೂ, ಅದನ್ನು ಅಳಿಯನಿಗೆ ಕೊಟ್ಟ ತಲೆಮಾರಿಗೂ ವಯಸ್ಸಾಗಿದೆ. ಸಂಗ್ರಾಹಕರನ್ನು ಪ್ರಶ್ನಿಸುವ ಮುನ್ನ ಸಂಶೋಧಕರು ಮೊದಲು ಮಾತನಾಡಿಸಬೇಕಾದದ್ದು ಇವರನ್ನು.