ಬ್ರಹ್ಮಗಿರಿಯ ಶಾಸನದಲ್ಲಿ ಇಹದ ಫಲ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಮಧ್ಯಕಾಲೀನ ಶಿಲೆಗಳ ಮುಂದೆ ನಿಂತವರಿಗೆ ಪರಲೋಕ ಬಹು ಸಮೀಪದಲ್ಲಿದೆ ಎನಿಸುತ್ತದೆ. ವೀರಗಲ್ಲಿನ ಕೆಳಹಂತದಲ್ಲಿ ಕಾಳಗ, ನಡುವೆ ಮಡಿದವನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ದಾನಶಾಸನದ ಕೊನೆಯಲ್ಲಿ ಶಾಪಾಶಯ: ದತ್ತಿಯನ್ನು ಕಾದವನಿಗೆ ಪುಣ್ಯಲೋಕ, ಅಳಿದವನಿಗೆ ಅರವತ್ತು ಸಾವಿರ ವರ್ಷ ಹುಳುವಿನ ಜನ್ಮ. ಈ ಲೋಕಗಳನ್ನು ನಂಬದವನು ಸದಾಚಾರಕ್ಕೆ ಕಾರಣವನ್ನು ಎಲ್ಲಿಂದ ತರಬೇಕು?

ಜೈನಕಾವ್ಯಕ್ಕೆ ಈ ಪ್ರಶ್ನೆ ಹೊಸದಲ್ಲ. ಪಂಪನ ಆದಿಪುರಾಣದಲ್ಲಿ (ಕ್ರಿ.ಶ. 941) ಮಹಾಬಲನ ಮಂತ್ರಿ ಮಹಾಮತಿ ಚಾರ್ವಾಕಪಕ್ಷ ಹಿಡಿಯುತ್ತಾನೆ: ಚೈತನ್ಯ ಭೂತಗಳ ಕೂಟದಿಂದ ಹುಟ್ಟಿ ದೇಹದೊಡನೆ ಅಳಿಯುತ್ತದೆ, ಇಲ್ಲದ ಪರಲೋಕಕ್ಕಾಗಿ ಇರುವ ಸುಖವನ್ನು ತೊರೆಯುವುದೇಕೆ? ಸ್ವಯಂಬುದ್ಧ ಅದನ್ನು ಖಂಡಿಸುತ್ತಾನೆ. ಎದುರಾಳಿಯನ್ನು ಮಂತ್ರಿಪದವಿಯಲ್ಲೇ ಕೂರಿಸಿ ವಾದಕ್ಕೆ ಎಡೆಗೊಟ್ಟದ್ದು ಪೂರ್ವಪಕ್ಷ ಪರಂಪರೆಯ ಘನತೆ. ಆದರೂ ಪರಲೋಕವನ್ನು ಅಲ್ಲಗಳೆದವನಿಗೆ ಭೋಗವೊಂದೇ ಉಳಿಯುತ್ತದೆಂಬ ಎಣಿಕೆ ಅಲ್ಲಿ ಹಾಗೆಯೇ ನಿಂತಿದೆ. ಅದನ್ನು ಸಡಿಲಿಸುವ ಲೇಖವೊಂದು ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಪಂಪನಿಗಿಂತ ಸಾವಿರ ವರ್ಷಕ್ಕೂ ಹಿಂದಿನದು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಆರ್ಯಪುತ್ರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ಮೊದಲ ಭಾಗದಲ್ಲಿ ಸ್ವರ್ಗದ ಮಾತಿದೆ. ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಿಸುವ ಸಣ್ಣವರಿಗೂ ಅದು ಸಾಧ್ಯವೆನ್ನುತ್ತದೆ. ಎರಡನೆಯ ಭಾಗದ ಧಾಟಿ ಬೇರೆ. ತಾಯಿತಂದೆಯರ ಮತ್ತು ಗುರುಹಿರಿಯರ ಶುಶ್ರೂಷೆ, ಪ್ರಾಣಿಗಳಲ್ಲಿ ದೃಢವಾದ ಕರುಣೆ, ಸತ್ಯ, ಆಚಾರ್ಯನಿಗೆ ಶಿಷ್ಯನು ಸಲ್ಲಿಸುವ ಗೌರವ, ಬಂಧುಗಳೊಡನೆ ತಕ್ಕ ನಡತೆ. ಇಷ್ಟನ್ನು ಹೇಳಿ ಕೊಡುವ ಕಾರಣಗಳು ಎರಡೇ. ಇದು ಪುರಾತನವಾದ ನಡೆ, ಇದರಿಂದ ದೀರ್ಘಾಯುಷ್ಯ. ಸ್ವರ್ಗ ಇಲ್ಲಿ ಸುಳಿಯುವುದಿಲ್ಲ. ಮಹಾಮತಿಯಂಥವನೂ ಕಿವಿಗೊಡಬಹುದಾದ ಕಾರಣಗಳಿವು. ಹಾಗೆಂದು ಅಶೋಕನನ್ನು ನಾಸ್ತಿಕನೆನ್ನಲಾಗದು. ಅವನ ಬೇರೆ ಶಾಸನಗಳು ಇಹಪರಗಳೆರಡನ್ನೂ ನೆನೆಯುತ್ತವೆ. ಬರೆದವನು ಚಪಡ, ಬ್ರಾಹ್ಮಿಯ ಬರಹದ ಕೊನೆಯಲ್ಲಿ ತನ್ನ ವೃತ್ತಿಸೂಚಕ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಕೆತ್ತಿದ. ಇಹದ ಸಣ್ಣದೊಂದು ಅಭಿಮಾನ ಅದು.

ಬ್ರಹ್ಮಗಿರಿಯನ್ನು ಓದಿದ ಮೇಲೆ ಶಾಪಾಶಯಗಳ ಕಡೆಗೆ ಮರಳಬೇಕು. ಅವು ಹೆಸರಿಸುವುದು ನರಕವನ್ನು. ಕಾಯುವುದು ಕೆರೆಯ ತೂಬನ್ನು, ಗದ್ದೆಯ ಎಲ್ಲೆಯನ್ನು, ಬಸದಿಯ ಆಹಾರದಾನವನ್ನು. ತಾನಿಲ್ಲದ ಕಾಲದಲ್ಲೂ ಇವು ಉಳಿಯಲಿ ಎಂಬ ಕಾಳಜಿಗೆ ದಾನಿಯ ಮರುಹುಟ್ಟು ಅನಿವಾರ್ಯವಲ್ಲ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇಂದಿಗೂ ನಿಂತಿದೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ಜಲಾಶಯ 1907ರಲ್ಲಿ ಪೂರ್ಣಗೊಂಡಿತು. ಅದು ಮೊದಲ ಬಾರಿಗೆ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಬಾರಿಗೆ, 89 ವರ್ಷಗಳ ಬಳಿಕ, 2022ರಲ್ಲಿ.