ಹಳೇ ಪುಸ್ತಕ, ಹೊಸ ಕರ್ನೆಲ್

ಲಿನಕ್ಸ್ ಪ್ರೋಗ್ರಾಮಿಂಗ್ ಕಲಿಯೋಕೆ ಹೊರಟವರು ಮೊದಲು ಕೇಳೋದು, "ಒಳ್ಳೇ ಪುಸ್ತಕ ಯಾವುದು?" ಅಂತ. ತಪ್ಪಿಲ್ಲದ, ಇವತ್ತಿನ ಕರ್ನೆಲ್‌ಗೆ ಪೂರ್ತಿ ಹೊಂದುವ ಪುಸ್ತಕ ಸಿಕ್ಕಲಿ, ಆಮೇಲೆ ಶುರು ಮಾಡೋಣ ಅಂತ ಕಾಯ್ತಾ ಕೂತವರೂ ಇದ್ದಾರೆ. ಇತಿಹಾಸ ನೋಡಿದರೆ ಲಿನಕ್ಸ್ ಹುಟ್ಟಿದ್ದೇ ಒಂದು ಪಠ್ಯಪುಸ್ತಕದ ಕೊರತೆಯಿಂದ!

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಎಂಬ ಮೇಷ್ಟ್ರು 1976ರಲ್ಲಿ ಯುನಿಕ್ಸ್ ಆರನೇ ಆವೃತ್ತಿಯ ಸುಮಾರು 9,000 ಸಾಲಿನ ಸೋರ್ಸ್ ಕೋಡಿಗೆ ವ್ಯಾಖ್ಯಾನ ಬರೆದರು. 1979ರಲ್ಲಿ ಏಳನೇ ಆವೃತ್ತಿ ಬಂದಾಗ, ಸೋರ್ಸ್ ಕೋಡನ್ನು ತರಗತಿಯಲ್ಲಿ ಪಾಠ ಮಾಡೋ ಹಾಗಿಲ್ಲ ಅಂತ ಲೈಸೆನ್ಸ್‌ನಲ್ಲೇ ಬರೆದುಬಿಟ್ಟರು. ಲಯನ್ಸ್ ಪುಸ್ತಕ ಜೆರಾಕ್ಸ್ ಪ್ರತಿಯಾಗಿ ಕದ್ದುಮುಚ್ಚಿ ಓಡಾಡಿತು. ಅದು ಅಧಿಕೃತವಾಗಿ ಅಚ್ಚಾಗಿದ್ದು 1996ರಲ್ಲಿ.

ಈ ನಿರ್ಬಂಧದಿಂದ ಪಾಠಕ್ಕೆ ತೊಂದರೆಯಾದವರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಆಂಡ್ರ್ಯೂ ಟಾನೆನ್‌ಬಾಮ್ ಕೂಡ ಒಬ್ಬರು. ಅವರು ತಾವೇ ಮಿನಿಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆದು, 1987ರಲ್ಲಿ ಅದರ ಕೋಡನ್ನೂ ಸೇರಿಸಿ ಪಠ್ಯಪುಸ್ತಕ ತಂದರು. ವಿದ್ಯಾರ್ಥಿಗೆ ಅರ್ಥವಾಗುವಷ್ಟು ಚಿಕ್ಕದಿರಲಿ ಅಂತ, ಬಳಕೆದಾರರು ಕೇಳಿದ ಸೌಲಭ್ಯಗಳನ್ನೆಲ್ಲ ಬೇಕಂತಲೇ ಸೇರಿಸಲಿಲ್ಲ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಕಲಿತದ್ದು ಈ ಪುಸ್ತಕದಿಂದಲೇ. ಆದರೆ ಹೊಸ 386 ಯಂತ್ರದ ಪೂರ್ತಿ ಶಕ್ತಿಯನ್ನು ಮಿನಿಕ್ಸ್ ಬಳಸುತ್ತಿರಲಿಲ್ಲ, ಅದರ ಟರ್ಮಿನಲ್ ಎಮ್ಯುಲೇಟರ್ ಅವನಿಗೆ ಸಾಲಲಿಲ್ಲ. 1991ರಲ್ಲಿ ತನ್ನದೇ ಒಂದನ್ನು ಬರೆಯಲು ಕೂತ. ಅದೇ ಬೆಳೆಯುತ್ತಾ ಲಿನಕ್ಸ್ ಆಯಿತು. ಮೊದಲ ಲಿನಕ್ಸ್ ಕಂಪೈಲ್ ಆಗಿದ್ದು ಮಿನಿಕ್ಸ್ ಮೇಲೆ, ಬಳಸಿದ್ದೂ ಮಿನಿಕ್ಸ್‌ನ ಫೈಲ್ ಸಿಸ್ಟಮ್ ಅನ್ನೇ.

ಲಿನಕ್ಸ್ ಬಂದ ಮೇಲೆ ಪುಸ್ತಕಗಳ ಸಮಸ್ಯೆ ಬೇರೆ ರೂಪ ತಾಳಿತು. ಕೋಡ್ ಈಗ ಎಲ್ಲರಿಗೂ ಮುಕ್ತ, ಆದರೆ ಅದು ಒಂದೇ ಕಡೆ ನಿಲ್ಲೋದಿಲ್ಲ. ಡ್ರೈವರ್ ಬರೆಯೋಕೆ ಕಲಿಸುವ 'ಲಿನಕ್ಸ್ ಡಿವೈಸ್ ಡ್ರೈವರ್ಸ್' ಪುಸ್ತಕವನ್ನೇ ನೋಡಿ. 1998ರಲ್ಲಿ ಅಲೆಸ್ಸಾಂಡ್ರೊ ರುಬಿನಿ ಬರೆದದ್ದು; 2005ರ ಮೂರನೇ ಆವೃತ್ತಿ 2.6.10 ಕರ್ನೆಲ್‌ಗೆ. ಅದರ 'ಸ್ಕಲ್' ಎಂಬ ಉದಾಹರಣೆ ಬರೀ ಮೆಮೊರಿಯನ್ನೇ ಸಾಧನ ಅಂತ ಬಳಸುತ್ತೆ. ಬೋರ್ಡ್ ಕೊಳ್ಳೋಕೆ ದುಡ್ಡಿಲ್ಲದ ವಿದ್ಯಾರ್ಥಿಗೂ ಇದರಿಂದ ಡ್ರೈವರ್ ಬರೆದು ನೋಡಬಹುದು. ಎಂಥಾ ಉಪಕಾರ ಅಲ್ವಾ?

ಆದರೆ 2006ರ ಕೊನೆಗೆ 2.6.19 ಬಂತು, ಇಂಟರಪ್ಟ್ ಹ್ಯಾಂಡ್ಲರಿನ ಮೂರನೇ ಆರ್ಗ್ಯುಮೆಂಟ್ ಹೋಯಿತು. 2010ರ 2.6.36ರಲ್ಲಿ ಹಳೇ ಐಒಸಿಟಿಎಲ್ ಫಂಕ್ಷನ್ ಹೋಗಿ 'ಅನ್‌ಲಾಕ್ಡ್ ಐಒಸಿಟಿಎಲ್' ಉಳಿಯಿತು. ಪುಸ್ತಕ ನೋಡಿ ಅಕ್ಷರಕ್ಷರ ಟೈಪ್ ಮಾಡಿದರೂ ಎರರ್! 2011ರ ನಂತರ ಆರ್ಮ್ ಬೋರ್ಡುಗಳ ಕೋಡ್ ಡಿವೈಸ್ ಟ್ರೀ ಕಡೆ ಹೊರಳಿತು. ಎಂಬೆಡೆಡ್ ಕೆಲಸಕ್ಕೆ ಅದು ಬೇಕೇ ಬೇಕು, 2005ರ ಪುಸ್ತಕದಲ್ಲಿ ಅದರ ಪಾಠವೇ ಇಲ್ಲ. ತಮಾಷೆ ಅಂದರೆ, ಕರ್ನೆಲ್ ಒಳಗಿನ ಇಂಟರ್‌ಫೇಸ್ ಯಾಕೆ ಸ್ಥಿರವಾಗಿರೋದಿಲ್ಲ ಅಂತ ಕರ್ನೆಲ್ ಸೋರ್ಸ್ ಜೊತೆಗೇ ಒಂದು ಟಿಪ್ಪಣಿ ಇದೆ. ಅದನ್ನು ಬರೆದ ಗ್ರೆಗ್ ಕ್ರೋ-ಹಾರ್ಟ್‌ಮನ್ ಈ ಮೂರನೇ ಆವೃತ್ತಿಯ ಲೇಖಕರಲ್ಲೊಬ್ಬರು!

ಕರ್ನೆಲ್ ಹೊರಗಿನ ಕಥೆ ಬೇರೆ. ಅಲ್ಲಿ ಸಿಸ್ಟಮ್ ಕಾಲ್‌ಗಳನ್ನು ಮುರಿಯಬಾರದು ಅನ್ನೋದು ಲಿನಕ್ಸ್‌ನ ಕಟ್ಟುನಿಟ್ಟಿನ ನಿಯಮ. ಹಾಗಾಗಿ ರಿಚರ್ಡ್ ಸ್ಟೀವನ್ಸ್ 1992ರಲ್ಲಿ ಯುನಿಕ್ಸ್ ಬಗ್ಗೆ ಬರೆದ ಪುಸ್ತಕದ ಫೋರ್ಕ್, ಎಕ್ಸೆಕ್, ಪೈಪ್ ಪಾಠಗಳು ಇವತ್ತಿನ ಲಿನಕ್ಸ್‌ನಲ್ಲೂ ನಡೆಯುತ್ತವೆ.

ಈ ವ್ಯತ್ಯಾಸವನ್ನು ಹೊಸಬರಿಗೆ ಯಾರಾದರೂ ಮೊದಲೇ ಹೇಳಬೇಕು. ಇಲ್ಲದಿದ್ದರೆ ಪುಸ್ತಕದ ಕೋಡ್ ಓಡದಿದ್ದಾಗ "ಇದು ನನ್ನ ತಲೆಗೆ ಹತ್ತೋದಲ್ಲ" ಅಂದುಕೊಂಡು ಎಷ್ಟೋ ಜನ ಬಿಟ್ಟುಬಿಡ್ತಾರೆ. ಆ ಎರರ್ ಹಿಡಿದು ಕರ್ನೆಲ್ ಸೋರ್ಸ್‌ನೊಳಗೆ ಹೋಗಿ, ಯಾವ ವರ್ಷ ಯಾಕೆ ಬದಲಾಯಿತು ಅಂತ ಹುಡುಕಿದರೆ ಅದೇ ನಿಜವಾದ ಪಾಠ. ಬಫರ್, ಲಾಕ್, ಇಂಟರಪ್ಟ್ ಯಾಕೆ ಬೇಕು ಅನ್ನೋದನ್ನು ಹಳೇ ಪುಸ್ತಕ ಇವತ್ತಿಗೂ ಚೆನ್ನಾಗೇ ಹೇಳುತ್ತೆ. ಫಂಕ್ಷನ್ ಹೆಸರುಗಳನ್ನು ಮಾತ್ರ ಸೋರ್ಸ್ ನೋಡಿ ತಿದ್ದಿಕೊಂಡರಾಯಿತು.

ಅವೆನ್ಯೂ ರಸ್ತೆಯಲ್ಲಿ ಇಂಥದ್ದೊಂದು ಹಳೇ ಪ್ರತಿ ಕಣ್ಣಿಗೆ ಬಿದ್ದರೆ ಹಳತು ಅಂತ ಬಿಡಬೇಡಿ. ಕೊಂಡುಕೊಳ್ಳಿ, ಪಕ್ಕದಲ್ಲಿ ಹೊಸ ಕರ್ನೆಲ್ ಸೋರ್ಸ್ ತೆರೆದಿಟ್ಟುಕೊಳ್ಳಿ. ನಿಮಗೆ ಕಲಿಸಿದ ಅರೆಕೊರೆ ಪುಸ್ತಕ ಯಾವುದು?